ಮೊದಲ ಡೋಸ್ ಕೊಟ್ಟ ಮೇಲೆ: ಎಎನ್‌ಎಂನಿಂದ ಜಿಎನ್‌ಎಂವರೆಗಿನ ದಾರಿ

"ಅಕ್ಕಾ, ನನಗೀಗ 38. ಜಿಎನ್‌ಎಂ ಮಾಡೋಕೆ ಆಗುತ್ತಾ? 35 ದಾಟಿದರೆ ಸೀಟು ಕೊಡಲ್ಲ ಅಂತ ಎಲ್ಲರೂ ಹೇಳ್ತಿದ್ದಾರೆ."

ಸಿರುಗುಪ್ಪ ಕಡೆಯ ಒಬ್ಬ ಎಎನ್‌ಎಂ ತಂಗಿ ಹೋದ ತಿಂಗಳು ಫೋನಿನಲ್ಲಿ ಕೇಳಿದ ಮಾತು ಇದು. ಎಎನ್‌ಎಂ ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ. ಜಿಎನ್‌ಎಂ ಅಂದರೆ ಸ್ಟಾಫ್ ನರ್ಸ್ ಆಗಲು ಓದುವ ಜನರಲ್ ನರ್ಸಿಂಗ್ ಡಿಪ್ಲೊಮಾ. ಆಕೆ ಹನ್ನೊಂದು ವರ್ಷದಿಂದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿದ್ದಾಳೆ. ರಾತ್ರಿ ಪಾಳಿ, ಡ್ರಿಪ್, ಇಂಜೆಕ್ಷನ್, ಹೆರಿಗೆ, ಎಲ್ಲ ಮಾಡುತ್ತಾಳೆ. ಕೆಲಸ ಸ್ಟಾಫ್ ನರ್ಸ್‌ನದು, ಸಂಬಳ ಮಾತ್ರ ಆಯಾಗಿಂತ ಸ್ವಲ್ಪ ಜಾಸ್ತಿ.

ಆಕೆಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನೂ ಎಎನ್‌ಎಂ ಆಗಿಯೇ ಶುರು ಮಾಡಿದವಳು. ಕಂಪ್ಲಿ ಹತ್ತಿರದ ಒಂದು ಆರೋಗ್ಯ ಉಪಕೇಂದ್ರದಲ್ಲಿ ಗುತ್ತಿಗೆ ಮೇಲೆ ಒಂಬತ್ತು ವರ್ಷ ಇದ್ದೆ. ನನ್ನ 36ನೇ ವಯಸ್ಸಿನಲ್ಲಿ ಜಿಎನ್‌ಎಂ ಸೇರಿದೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಆಕೆಯಂಥವರು ತುಂಬಾ ಜನ ಇದ್ದಾರೆ. ಸರಿಯಾದ ಮಾಹಿತಿ ಸಿಗದೇ ವರ್ಷಗಳು ಸುಮ್ನೆ ಹೋಗಿಬಿಡುತ್ತವೆ. ಅದು ನನಗೆ ನಿಜಕ್ಕೂ ನೋವಿನ ವಿಷಯ.

ಮೊದಲು ವಯಸ್ಸಿನ ಮಾತು. ಜಿಎನ್‌ಎಂ ಸೇರಲು ಕನಿಷ್ಠ 17, ಗರಿಷ್ಠ 35 ವರ್ಷ ಎಂದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ನಿಯಮ ಹೇಳುವುದು ನಿಜ. ಆದರೆ ಅದೇ ನಿಯಮದ ಮುಂದಿನ ಸಾಲನ್ನು ಯಾರೂ ಓದಿ ಹೇಳುವುದಿಲ್ಲ. ಎಎನ್‌ಎಂ ಮತ್ತು ಎಲ್‌ಎಚ್‌ವಿ (ಎಎನ್‌ಎಂ ಮೇಲಿನ ಹಿರಿಯ ಆರೋಗ್ಯ ಸಹಾಯಕಿ) ಆದವರಿಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. 38 ಇರಲಿ, 42 ಇರಲಿ, ವಯಸ್ಸಿನ ಕಾರಣಕ್ಕೆ ಬಾಗಿಲು ಮುಚ್ಚಿಲ್ಲ.

ಹೆಸರು ಯಾವ ಪಟ್ಟಿಯಲ್ಲಿದೆ?

ಊರಿನವರಿಗೆ ಇಂಜೆಕ್ಷನ್ ಕೊಡುವ ಹೆಣ್ಣುಮಕ್ಕಳೆಲ್ಲ ನರ್ಸಮ್ಮ. ಆಸ್ಪತ್ರೆಯಲ್ಲಿ ಎಲ್ಲರೂ ಸಿಸ್ಟರ್. ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ದಾಖಲೆಯಲ್ಲಿ ಮಾತ್ರ ಬೇರೆ ಬೇರೆ ಪಟ್ಟಿಗಳಿವೆ. ಎಎನ್‌ಎಂ ಪಾಸಾದವರ ಹೆಸರು ಆರ್‌ಎಎನ್‌ಎಂ ಪಟ್ಟಿಗೆ ಹೋಗುತ್ತದೆ. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಪಾಸಾದವರ ಹೆಸರು ಆರ್‌ಎನ್‌ಆರ್‌ಎಂ ಪಟ್ಟಿಗೆ. ರಿಜಿಸ್ಟರ್ಡ್ ನರ್ಸ್ ಅನ್ನುವುದು ಈ ಎರಡನೇ ಪಟ್ಟಿಯವರನ್ನು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಅನುಭವ ಒಬ್ಬರನ್ನು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಏರಿಸುವುದಿಲ್ಲ. ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದರೂ ಎಎನ್‌ಎಂ ರಿಜಿಸ್ಟ್ರೇಷನ್ ಎಎನ್‌ಎಂ ರಿಜಿಸ್ಟ್ರೇಷನ್ನೇ. ಹಾಗಾಗಿ ಸ್ಟಾಫ್ ನರ್ಸ್ ಹುದ್ದೆ ಕರೆದಾಗ ಅರ್ಜಿ ಹಾಕಲು ಆಗುವುದಿಲ್ಲ. ಕೇಂದ್ರದ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಆರಿಸಲು ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೂ ಅವಕಾಶ ಇಲ್ಲ. ಅದಕ್ಕೆ ಬಿಎಸ್ಸಿ ಬೇಕು, ಇಲ್ಲವೇ ಜಿಎನ್‌ಎಂ ಜೊತೆಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಹೊರದೇಶದ ಮಾತಂತೂ ದೂರ.

ಎಎನ್‌ಎಂ ಕೋರ್ಸ್ ಸಣ್ಣದು ಎಂದು ನಾನು ಹೇಳುತ್ತಿಲ್ಲ. ಅದನ್ನು ರೂಪಿಸಿದ್ದೇ ಬೇರೆ ಕೆಲಸಕ್ಕೆ. ಬಯಲು ಸೀಮೆಯಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಎಂಬ ಲೆಕ್ಕವಿದೆ. ಅಷ್ಟು ಜನರ ಬಸಿರು, ಬಾಣಂತನ, ಲಸಿಕೆ, ಮಕ್ಕಳ ತೂಕ, ಕುಟುಂಬ ಯೋಜನೆ, ಎಲ್ಲವನ್ನೂ ಮನೆಮನೆ ತಿರುಗಿ ನೋಡಿಕೊಳ್ಳಲು ತಯಾರು ಮಾಡುವ ತರಬೇತಿ ಅದು. ಹಿಂದೆ ಎಸ್ಸೆಸ್ಸೆಲ್ಸಿ ಆದ ಮೇಲೆ ಒಂದೂವರೆ ವರ್ಷದ ಕೋರ್ಸ್ ಇತ್ತು. ಈಗ ಪಿಯುಸಿ ಆದ ಮೇಲೆ 2 ವರ್ಷ. ಜಿಎನ್‌ಎಂ 3 ವರ್ಷದ್ದು, ಅದರಲ್ಲಿ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ಅದರ ಗಮನವೆಲ್ಲ ಆಸ್ಪತ್ರೆಯ ಹಾಸಿಗೆಯ ಮೇಲಿರುವ ರೋಗಿಯ ಮೇಲೆ.

ಹತ್ತು ಆಂಪ್ಯೂಲ್ ಆದ ಮೇಲೆ

ಎರಡಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಒಂದೇ ಔಷಧಿಯಿಂದ. ಮ್ಯಾಗ್ನೀಷಿಯಂ ಸಲ್ಫೇಟ್. ವಾರ್ಡಿನಲ್ಲಿ ಮ್ಯಾಗ್‌ಸಲ್ಫ್ ಅನ್ನುತ್ತೇವೆ.

ಬಿ.ಪಿ. ಏರಿ ಬಸುರಿಗೆ ಫಿಟ್ಸ್ ಬಂದರೆ ಎಎನ್‌ಎಂ ಏನು ಮಾಡಬೇಕು ಎಂದು ಸುರಕ್ಷಿತ ಹೆರಿಗೆ ಮಾಡಿಸಲು ಕಲಿಸುವ 21 ದಿನದ ಎಸ್‌ಬಿಎ ತರಬೇತಿಯಲ್ಲಿ ಕಲಿಸುತ್ತಾರೆ. 50 ಪರ್ಸೆಂಟ್‌ನ ಮ್ಯಾಗ್‌ಸಲ್ಫ್, ಒಂದೊಂದು ಪೃಷ್ಠಕ್ಕೆ 5 ಗ್ರಾಂ, ಒಟ್ಟು 10 ಗ್ರಾಂ, ಮಾಂಸಕ್ಕೆ ಆಳವಾಗಿ. ಅಂದರೆ 1 ಗ್ರಾಮಿನ ಹತ್ತು ಆಂಪ್ಯೂಲ್. ಕೊಟ್ಟ ಕೂಡಲೇ 108ಕ್ಕೆ ಫೋನ್ ಮಾಡಿ ದೊಡ್ಡಾಸ್ಪತ್ರೆಗೆ ಕಳಿಸಬೇಕು. ನಾನು ಒಂಬತ್ತು ವರ್ಷದಲ್ಲಿ ಇದನ್ನು ಎರಡು ಸಲ ಮಾಡಿದ್ದೇನೆ. ಆಂಬುಲೆನ್ಸ್ ಬಾಗಿಲು ಮುಚ್ಚಿದ ಮೇಲೆ ನನ್ನ ಕೆಲಸ ಮುಗಿಯುತ್ತಿತ್ತು. ಆಮೇಲೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆಶಾ ಕಾರ್ಯಕರ್ತೆ ಎರಡು ದಿನ ಬಿಟ್ಟು "ತಾಯಿ ಮಗು ಆರಾಮ" ಎಂದಾಗಲೇ ನಿದ್ದೆ.

ಜಿಎನ್‌ಎಂ ಮೂರನೇ ವರ್ಷದಲ್ಲಿ ಹೆರಿಗೆ ವಾರ್ಡಿಗೆ ಹಾಕಿದಾಗ ಆ ಬಾಗಿಲಿನ ಆಚೆ ಏನಿದೆ ಎಂದು ನೋಡಿದೆ. ಮುಂದಿನ ಡೋಸ್ 5 ಗ್ರಾಂ, ನಾಲ್ಕು ಗಂಟೆಗೊಮ್ಮೆ. ಹೆರಿಗೆ ಅಥವಾ ಕೊನೆಯ ಫಿಟ್ಸ್, ಯಾವುದು ತಡವಾಗಿ ಆಯಿತೋ ಅಲ್ಲಿಂದ 24 ಗಂಟೆವರೆಗೆ. ಆದರೆ ಗಡಿಯಾರ ನೋಡಿ ಸುಮ್ನೆ ಚುಚ್ಚುವ ಹಾಗಿಲ್ಲ. ಪ್ರತಿ ಸಲವೂ ಮೊದಲು ಮೂರು ವಿಷಯ ನೋಡಬೇಕು. ಮೊಣಕಾಲಿನ ಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ಜಿಗಿಯುತ್ತದೆಯೇ? ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಆಗಿಲ್ಲ ತಾನೇ? ಮೂತ್ರ ಗಂಟೆಗೆ 30 ಎಂಎಲ್ ಆದರೂ ಬರುತ್ತಿದೆಯೇ?

ಯಾಕೆ ಈ ಮೂರೇ? ಈ ಔಷಧಿ ದೇಹದಿಂದ ಹೊರಗೆ ಹೋಗುವುದು ಕಿಡ್ನಿಯ ಮೂಲಕ. ಮೂತ್ರ ಕಡಿಮೆಯಾದರೆ ಔಷಧಿ ಒಳಗೇ ಉಳಿಯುತ್ತದೆ, ರಕ್ತದಲ್ಲಿ ಮಟ್ಟ ಏರುತ್ತದೆ. ಏರಿದಾಗ ಮೊದಲು ಮೊಣಕಾಲಿನ ಜಿಗಿತ ನಿಲ್ಲುತ್ತದೆ, ಆಮೇಲೆ ಉಸಿರು. ಅಂದರೆ ಉಸಿರು ನಿಲ್ಲುವುದಕ್ಕೆ ಮುಂಚೆಯೇ ಮೊಣಕಾಲು ನಮಗೆ ಎಚ್ಚರಿಕೆ ಕೊಡುತ್ತದೆ. ಅದನ್ನು ತಿಳಿದ ನರ್ಸ್ ಆ ಡೋಸ್ ತಡೆದು ಡಾಕ್ಟರಿಗೆ ಹೇಳುತ್ತಾಳೆ. ಕ್ಯಾಲ್ಷಿಯಂ ಗ್ಲುಕೊನೇಟ್ ಇಂಜೆಕ್ಷನ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರುತ್ತಾಳೆ, ಯಾಕೆಂದರೆ ಈ ವಿಷ ಇಳಿಸುವುದು ಅದೇ.

ಎಎನ್‌ಎಂ ಆಗಿ ನಾನು ಕಲಿತದ್ದು ಏನು ಕೊಡಬೇಕು ಎಂದು. ಜಿಎನ್‌ಎಂ ಕಲಿಸಿದ್ದು ಯಾವಾಗ ಕೊಡಬಾರದು ಎಂದು. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಮನೋವಿಜ್ಞಾನ. ಎರಡನೇ ವರ್ಷ ಮೆಡಿಕಲ್ ಸರ್ಜಿಕಲ್, ಮಕ್ಕಳು, ಮಾನಸಿಕ ಆರೋಗ್ಯ. ಮೂರನೇ ವರ್ಷ ಹೆರಿಗೆ ಮತ್ತು ಸಮುದಾಯ. ಇಷ್ಟೆಲ್ಲ ಓದಿಸುವುದು ಆ ಒಂದು ತಡೆಯುವ ಕೈಯನ್ನು ತಯಾರು ಮಾಡಲಿಕ್ಕೆ ಎಂದು ನನ್ನ ನಂಬಿಕೆ.

ಅಡ್ಡದಾರಿ ಇದೆಯಾ?

ಅಮೆರಿಕದಲ್ಲಿ ಎಲ್‌ಪಿಎನ್ ಎಂಬ ಪ್ರಾಕ್ಟಿಕಲ್ ನರ್ಸ್‌ಗಳಿದ್ದಾರೆ. ಅವರು ಆರ್‌ಎನ್ ಆಗಲು ಬ್ರಿಜ್ ಕೋರ್ಸ್ ಇವೆ. ಮೊದಲು ಓದಿದ್ದನ್ನು ಲೆಕ್ಕಕ್ಕೆ ಹಿಡಿದು ಅವಧಿ ಕಡಿಮೆ ಮಾಡುತ್ತಾರೆ. ಮೊಬೈಲಿನಲ್ಲಿ ಆ ವಿಡಿಯೋಗಳನ್ನು ನೋಡಿ "ನಮಗೂ ಒಂದೇ ವರ್ಷ ಸಾಕಲ್ವಾ ಅಕ್ಕಾ" ಎಂದು ಕೇಳುವವರಿದ್ದಾರೆ. ಇಲ್ಲಿ ಹಾಗಿಲ್ಲ. ಎಎನ್‌ಎಂ ಆದವರು ಜಿಎನ್‌ಎಂಗೆ ಸೇರಿದರೆ ಮೊದಲ ವರ್ಷದಿಂದಲೇ ಓದಬೇಕು. ನೇರ ಎರಡನೇ ವರ್ಷಕ್ಕೆ ಪ್ರವೇಶ ಇಲ್ಲ. ಇದು ಅನ್ಯಾಯ ಎಂದು ನನಗೂ ಅನ್ನಿಸುತ್ತಿತ್ತು. ಲಸಿಕೆ, ಹೆರಿಗೆ, ಸಮುದಾಯ ಆರೋಗ್ಯವನ್ನಾದರೂ ಬಿಟ್ಟುಕೊಡಬಹುದಿತ್ತು ಎಂದು ಈಗಲೂ ಅನ್ನಿಸುತ್ತದೆ.

ನಮ್ಮಲ್ಲಿ ನಿಜವಾದ ಸೇತುವೆ ಇರುವುದು ಒಂದು ಮೆಟ್ಟಿಲು ಮೇಲೆ. ಜಿಎನ್‌ಎಂ ಆಗಿ ಆರ್‌ಎನ್‌ಆರ್‌ಎಂ ರಿಜಿಸ್ಟ್ರೇಷನ್ ಸಿಕ್ಕ ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಸೇರಬಹುದು. ಅದು 2 ವರ್ಷದ್ದು. ಪಿಯುಸಿ ಮುಗಿಸಿ ನೇರ ಬಿಎಸ್ಸಿ ಮಾಡುವವರಿಗೆ 4 ವರ್ಷ. ಅಂದರೆ ಜಿಎನ್‌ಎಂ ಓದಿದ್ದಕ್ಕೆ ಇಲ್ಲಿ ಬೆಲೆ ಸಿಗುತ್ತದೆ. ಜಿಎನ್‌ಎಂ ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಬಿಎಸ್ಸಿ ಮತ್ತು ಪೋಸ್ಟ್ ಬೇಸಿಕ್ ಬರುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ.

ಈ ಜಾಗದಲ್ಲಿ ಒಂದು ಗುಂಡಿ ಇದೆ. ಹಳೆಯ ಎಎನ್‌ಎಂಗಳಲ್ಲಿ ಪಿಯುಸಿ ಮಾಡದವರು ಬಹಳ. ಕೌನ್ಸಿಲ್ ನಿಯಮದಲ್ಲಿ ಜಿಎನ್‌ಎಂಗೆ ಎರಡು ಬಾಗಿಲು ಇವೆ. ಒಂದು, ಇಂಗ್ಲಿಷ್ ಸೇರಿದಂತೆ ಪಿಯುಸಿಯಲ್ಲಿ 40 ಪರ್ಸೆಂಟ್. ಇನ್ನೊಂದು, ಪಾಸ್ ಮಾರ್ಕಿನೊಂದಿಗೆ ರಿಜಿಸ್ಟರ್ ಆದ ಎಎನ್‌ಎಂ. ಎರಡನೇ ಬಾಗಿಲಿನಿಂದ ಒಳಗೆ ಬಂದವರು ಮುಂದೆ ಪೋಸ್ಟ್ ಬೇಸಿಕ್‌ಗೆ ಹೋದಾಗ ಪಿಯುಸಿ ಕೇಳುತ್ತಾರೆ. ಅಲ್ಲಿ ದಾರಿ ನಿಂತುಬಿಡುತ್ತದೆ. ಹಾಗಾಗಿ ಪಿಯುಸಿ ಇಲ್ಲದವರು ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಅದನ್ನು ಮೊದಲೇ ಮುಗಿಸಿಕೊಳ್ಳಿ. ಕೆಲಸ ಮಾಡುತ್ತಲೇ ಮುಗಿಸಬಹುದಾದ ಒಂದೇ ಭಾಗ ಅದು. ಇಂಗ್ಲಿಷ್ ವಿಷಯ ತಪ್ಪದೇ ತೆಗೆದುಕೊಳ್ಳಿ.

"ಹಾಜರಾತಿ ಬೇಡ, ಫೀಸ್ ಕಟ್ಟಿ ಸಾಕು"

ನಾನು ಸೀಟು ಹುಡುಕುವಾಗ ಒಬ್ಬ ಏಜೆಂಟ್ ಮನೆಗೇ ಬಂದಿದ್ದ. ಕಾಲೇಜಿಗೆ ಬರುವುದು ಬೇಡ, ಕೆಲಸ ಬಿಡುವುದು ಬೇಡ, ಪರೀಕ್ಷೆಗೆ ಬಂದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದ. ಕೈಯಲ್ಲಿ ಮೂರು ಕಾಲೇಜಿನ ಕರಪತ್ರ ಇದ್ದವು. ಸಣ್ಣ ಮಕ್ಕಳಿದ್ದವು, ಬರುವ ಸಂಬಳ ನಿಂತರೆ ಹೇಗೆ ಎಂಬ ಚಿಂತೆ ಇತ್ತು. ಅಡ್ವಾನ್ಸ್ ಕೊಟ್ಟೇಬಿಟ್ಟೆ. ಒಂದು ವಾರ ಬಿಟ್ಟು ನಮ್ಮ ಪಿಎಚ್‌ಸಿಯ ಸ್ಟಾಫ್ ನರ್ಸ್ ಅಕ್ಕ ಬೈದು ಬುದ್ಧಿ ಹೇಳಿದರು. ಆ ದುಡ್ಡು ವಾಪಸ್ ಬರಲಿಲ್ಲ.

ದೂರಶಿಕ್ಷಣದ ಜಿಎನ್‌ಎಂ ಎಂಬುದು ಇಲ್ಲವೇ ಇಲ್ಲ. ಪರೀಕ್ಷೆಗೆ ಕೂರಲು ಪಾಠ ಮತ್ತು ಪ್ರಾಕ್ಟಿಕಲ್ ಎರಡರಲ್ಲೂ ಕನಿಷ್ಠ 80 ಪರ್ಸೆಂಟ್ ಹಾಜರಾತಿ ಬೇಕು. ಡಿಪ್ಲೊಮಾ ಕೈಗೆ ಸಿಗುವ ಮೊದಲು ಪ್ರಾಕ್ಟಿಕಲ್ ಪೂರ್ತಿ ನೂರಕ್ಕೆ ನೂರು ಆಗಿರಬೇಕು. ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಎಂಬ ನಿಯಮ ಇರುವುದೂ ಇದಕ್ಕೇ. ರೋಗಿಯೇ ಇಲ್ಲದ ಕಡೆ ನರ್ಸ್ ತಯಾರಾಗುವುದಿಲ್ಲ.

ಕಾಲೇಜಿಗೆ ಹೋಗಿ ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ಎಷ್ಟು ಹಾಸಿಗೆ ತುಂಬಿವೆ? ವಿದ್ಯಾರ್ಥಿಗಳು ಯಾವ ವಾರ್ಡಿನಲ್ಲಿದ್ದಾರೆ? ಹೆರಿಗೆ ಎಷ್ಟಾಗುತ್ತವೆ? ಎರಡನೇ ವರ್ಷದ ಮಕ್ಕಳನ್ನು ಪಕ್ಕಕ್ಕೆ ಕರೆದು ಕೇಳಿದರೆ ಹತ್ತು ನಿಮಿಷದಲ್ಲಿ ನಿಜ ಗೊತ್ತಾಗುತ್ತದೆ. ಆಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮತ್ತು ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿ ಆ ವರ್ಷಕ್ಕೆ ಆ ಕಾಲೇಜಿನ ಹೆಸರು ಇದೆಯೇ ಎಂದು ನೋಡಿ. ಹೋದ ವರ್ಷ ಇತ್ತು ಎನ್ನುವುದು ಸಾಲದು. ಬೇರೆ ರಾಜ್ಯದಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯನ್ನೂ ನೋಡಬೇಕು. ಆ ಕೌನ್ಸಿಲ್ 1947ರ ಕಾಯ್ದೆಯಿಂದ ಬಂದದ್ದು. 2023ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿದೆ, ಅದರಂತೆ ಕೌನ್ಸಿಲ್ ಜಾಗಕ್ಕೆ ರಾಷ್ಟ್ರೀಯ ಆಯೋಗ ಬರುತ್ತದೆ. ಹೆಸರು ಬದಲಾದರೂ ನಾವು ನೋಡಬೇಕಾದ ವಿಷಯ ಬದಲಾಗುವುದಿಲ್ಲ.

ಮತ್ತೆ ಬೆಂಚಿನ ಮೇಲೆ

ಪುಸ್ತಕಗಳು ಇಂಗ್ಲಿಷಿನಲ್ಲಿವೆ. ಇದೇ ಎಲ್ಲರ ಮೊದಲ ಹೆದರಿಕೆ. ನನ್ನ ಅನುಭವ ಏನೆಂದರೆ, ಎಎನ್‌ಎಂ ಆದವರಿಗೆ ಅರ್ಧ ಪದಗಳು ಆಗಲೇ ಗೊತ್ತಿರುತ್ತವೆ. ಅನೀಮಿಯಾ, ಎಡಿಮಾ, ಫಂಡಸ್ ಎಂದರೆ ಹದಿನೆಂಟರ ಹುಡುಗಿಯರು ಬಾಯಿಪಾಠ ಮಾಡುತ್ತಾರೆ. ನಮಗೆ ಒಂದು ಮುಖ, ಒಂದು ಊದಿದ ಕಾಲು, ಒಂದು ಹೊಟ್ಟೆ ನೆನಪಿಗೆ ಬರುತ್ತದೆ. ಕಷ್ಟ ಇರುವುದು ವಾಕ್ಯ ಬರೆಯುವುದರಲ್ಲಿ. ದಿನಕ್ಕೆ ಒಂದು ಪುಟ ಕೈಯಲ್ಲಿ ಬರೆಯುತ್ತಾ ಹೋದರೆ ಆರು ತಿಂಗಳಲ್ಲಿ ಹಿಡಿತ ಬರುತ್ತದೆ.

ನಿಜವಾಗಿ ಬೆವರು ಬರಿಸುವುದು ಲೆಕ್ಕ. ಲಸಿಕೆಯಲ್ಲಿ ಡೋಸ್ ಮೊದಲೇ ನಿಗದಿ ಆಗಿರುತ್ತದೆ, ಅರ್ಧ ಎಂಎಲ್ ಎಂದರೆ ಅರ್ಧ ಎಂಎಲ್. ವಾರ್ಡಿನಲ್ಲಿ ಪ್ರತಿ ರೋಗಿಗೂ ಹೊಸ ಲೆಕ್ಕ. 500 ಎಂಎಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್ ಇದೆ ಎಂದುಕೊಳ್ಳಿ. 500ನ್ನು 20ರಿಂದ ಗುಣಿಸಿದರೆ 10,000 ಹನಿ. 4 ಗಂಟೆ ಎಂದರೆ 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. "ಕಣ್ಣಳತೆಯಲ್ಲಿ ಬಿಡ್ತೀವಿ" ಎಂಬ ರೂಢಿ ಖಾಸಗಿ ಕಡೆ ಕಲಿತು ಬಂದವರಿಗೆ ಇದು ಕಿರಿಕಿರಿ. ಆದರೆ ಹೃದಯ ದುರ್ಬಲವಾಗಿರುವ ಒಬ್ಬ ಅಜ್ಜನಿಗೆ ಅದೇ ಬಾಟಲಿ ಒಂದೇ ಗಂಟೆಯಲ್ಲಿ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಮಕ್ಕಳ ವಾರ್ಡಿನ ಲೆಕ್ಕ ಇನ್ನೂ ಸೂಕ್ಷ್ಮ. 12 ಕೆ.ಜಿ. ಮಗುವಿಗೆ ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಎಂಜಿ ಎಂದು ಬರೆದಿದ್ದಾರೆ. 180 ಎಂಜಿ ಆಯಿತು. 5 ಎಂಎಲ್‌ನಲ್ಲಿ 250 ಎಂಜಿ ಇರುವ ಬಾಟಲಿ ಆದರೆ 3.6 ಎಂಎಲ್. 5 ಎಂಎಲ್‌ನಲ್ಲಿ 120 ಎಂಜಿ ಇರುವ ಬಾಟಲಿ ಆದರೆ 7.5 ಎಂಎಲ್. ಬಾಟಲಿಯ ಚೀಟಿ ಓದದೇ "ಒಂದೂವರೆ ಚಮಚ" ಎಂದು ತಾಯಿಗೆ ಹೇಳಿ ಕಳಿಸಿದರೆ ಒಂದು ಮಗುವಿಗೆ ಸರಿ, ಇನ್ನೊಂದಕ್ಕೆ ಎರಡು ಪಟ್ಟು. ಏಳನೇ ತರಗತಿಯ ಅನುಪಾತದ ಲೆಕ್ಕ ಇದು, ಅಷ್ಟೇ. ನನ್ನ ಮಗನ ಗಣಿತದ ಪುಸ್ತಕ ತೆಗೆದುಕೊಂಡು ಅವನ ಪಕ್ಕದಲ್ಲೇ ಕೂತು ನಾನು ಮತ್ತೆ ಕಲಿತೆ.

ಜೊತೆಯವರು ನಮ್ಮ ಅರ್ಧ ವಯಸ್ಸಿನವರು. ಅಕ್ಕಾ ಎನ್ನುತ್ತಾರೆ, ಕೆಲವರು ಆಂಟಿ ಎನ್ನುತ್ತಾರೆ. ಬೇಸರ ಬೇಡ. ಮೊದಲ ಸಲ ರಕ್ತ ನೋಡಿ ತಲೆ ಸುತ್ತಿದಾಗ ಅವರು ಹಿಡಿದುಕೊಳ್ಳುವುದು ನಮ್ಮ ಕೈಯನ್ನೇ.

ಎಲ್ಲರೂ ಹೋಗಬೇಕಾ?

ಇಲ್ಲ. ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ಕಾಯಂ ಸರ್ಕಾರಿ ಹುದ್ದೆಯಲ್ಲಿರುವ ಎಎನ್‌ಎಂಗಳಿಗೆ ಬೇರೆ ಏಣಿ ಇದೆ. ಆರು ತಿಂಗಳ ತರಬೇತಿ ಪಡೆದು ಎಲ್‌ಎಚ್‌ವಿ, ಅಂದರೆ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ ಆಗುವ ದಾರಿ ಅದು. 45 ದಾಟಿದ, ಸೇವಾ ಹಿರಿತನ ಇರುವವರು ಮೂರು ವರ್ಷ ಬಿಟ್ಟು ಹೋಗುವುದರಲ್ಲಿ ಲಾಭ ಕಡಿಮೆ ಎಂದು ನನ್ನ ಅಭಿಪ್ರಾಯ. ಹೋಗಲೇಬೇಕು ಎನ್ನುವವರು ಸೇರುವ ಮೊದಲೇ ಇಲಾಖೆಯ ಅನುಮತಿಯನ್ನು ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ ಅನುಮತಿ ಆಮೇಲೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಗುತ್ತಿಗೆಯಲ್ಲಿರುವವರು, ನರ್ಸಿಂಗ್ ಹೋಮಿನಲ್ಲಿರುವವರು, 40ರ ಒಳಗಿರುವವರು ಖಂಡಿತ ಯೋಚಿಸಬೇಕು. ಊರು ಬಿಡಬೇಕಾದ ಅಗತ್ಯವೂ ಅಷ್ಟಿಲ್ಲ. ಬಳ್ಳಾರಿಯಲ್ಲಿ ನಾವೆಲ್ಲ ಈಗಲೂ ವಿಮ್ಸ್ ಎಂದೇ ಕರೆಯುವ ದೊಡ್ಡಾಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೂರು ಜಿಲ್ಲೆಯಲ್ಲೂ ನರ್ಸ್‌ಗಳಿಗೆ ಕೆಲಸ ಇದೆ. ಹಳ್ಳಿಯ ಕೆಲಸವೇ ಇಷ್ಟ ಎನ್ನುವವರಿಗೂ ದಾರಿ ಇದೆ. ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರ ಆದ ಮೇಲೆ ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ಬಂದಿದೆ. ಅದಕ್ಕೆ ತೆಗೆದುಕೊಳ್ಳುವುದು ರಿಜಿಸ್ಟರ್ಡ್ ನರ್ಸ್‌ಗಳಂಥವರನ್ನು, ಎಎನ್‌ಎಂಗಳನ್ನಲ್ಲ. ನಾವೇ ಕೂತಿದ್ದ ಕಟ್ಟಡಕ್ಕೆ ಇನ್ನೊಂದು ಕುರ್ಚಿ ಬಂದಿದೆ, ಅದರಲ್ಲಿ ಕೂರಲು ಓದಬೇಕು. ಆದರೆ ನಾರ್ಸೆಟ್‌ನಂಥ ಕೇಂದ್ರ ಪರೀಕ್ಷೆಗಳಿಗೆ ವಯಸ್ಸು ಸಾಮಾನ್ಯವಾಗಿ 30ರ ಒಳಗೆ ಇರಬೇಕು. ಆ ಪರೀಕ್ಷೆಗಳನ್ನು ನಂಬಿ ಕನಸು ಕಟ್ಟಬೇಡಿ.

ಮತ್ತೆ 371(ಜೆ). ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ ನಮ್ಮ ಭಾಗದವರಿಗೆ ದೊಡ್ಡ ಆಸರೆ. ಕಲ್ಯಾಣ ಕರ್ನಾಟಕದ ಕಾಲೇಜುಗಳ ಸರ್ಕಾರಿ ಸೀಟುಗಳಲ್ಲಿ ನೂರಕ್ಕೆ 70 ಸ್ಥಳೀಯರಿಗೆ. ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80. ಇದಕ್ಕೆ ಸ್ಥಳೀಯರು ಎಂಬ ಸರ್ಟಿಫಿಕೇಟ್ ಬೇಕು, ಸಿರುಗುಪ್ಪದ ತಂಗಿಗೆ ಅದು ಇರಲೇ ಇಲ್ಲ. ಇಲ್ಲೇ ಹುಟ್ಟಿ ಬೆಳೆದವಳಿಗೆ ಅದು ತಾನಾಗಿಯೇ ಸಿಗುತ್ತದೆ ಎಂದುಕೊಂಡಿದ್ದಳು. ಸಿಗುವುದಿಲ್ಲ, ಅರ್ಜಿ ಹಾಕಬೇಕು. ಸಹಾಯಕ ಆಯುಕ್ತರ ಸಹಿ ಆಗಿ ಬರಬೇಕು. ಶಾಲೆಯ ದಾಖಲೆ, ವಾಸದ ದಾಖಲೆ ಕೇಳುತ್ತಾರೆ.

ಎಎನ್‌ಎಂ ರಿಜಿಸ್ಟ್ರೇಷನ್ನೂ ಹಾಗೆಯೇ. 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನಿಮ್ಮ ಹಕ್ಕು ನಿಂತಿರುವುದು ಆ ಕಾಗದದ ಮೇಲೆ, ವಯಸ್ಸಿನ ವಿನಾಯಿತಿ ಸಿಗುವುದೂ ಅದರಿಂದ. ಆದರೂ ಅವಧಿ ಮುಗಿದು ಪೆಟ್ಟಿಗೆಯ ತಳದಲ್ಲಿ ಮಲಗಿರುತ್ತದೆ. ಈಗ ಆಧಾರ್ ಜೋಡಿಸಿದ ರಾಷ್ಟ್ರೀಯ ನರ್ಸ್ ನೋಂದಣಿ ವ್ಯವಸ್ಥೆಯೂ ಇದೆ, ಅದರಲ್ಲಿ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ. ಹೆಸರು ಎಎನ್‌ಎಂ ಸರ್ಟಿಫಿಕೇಟಿನಲ್ಲಿ ಒಂದು ತರಹ, ಆಧಾರಿನಲ್ಲಿ ಇನ್ನೊಂದು ತರಹ ಇದ್ದರೆ ಸಿಕ್ಕಿಹಾಕಿಕೊಳ್ಳುತ್ತದೆ. ಮದುವೆಯಾದ ಮೇಲೆ ಹೆಸರಿನ ಮುಂದಿನ ಅಕ್ಷರ ಬದಲಾದ ಹೆಣ್ಣುಮಕ್ಕಳಿಗೆ ಈ ತೊಂದರೆ ಜಾಸ್ತಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ, ಅದಕ್ಕೂ ಜಾತಿ, ಆದಾಯ ಪ್ರಮಾಣಪತ್ರ ಬೇಕು.

ಪ್ರವೇಶ ವರ್ಷಕ್ಕೆ ಒಂದೇ ಸಲ. ಪ್ರಕಟಣೆ ಬಂದ ಮೇಲೆ ಈ ಕಾಗದಗಳಿಗೆ ಓಡಾಡಿದರೆ ಆ ವರ್ಷ ಕೈತಪ್ಪುತ್ತದೆ. ತಂಗಿಗೆ ಇದನ್ನೇ ಹೇಳಿದೆ. ಮೊದಲು ಆಧಾರಿನ ಹೆಸರು, ಆಮೇಲೆ ರಿಜಿಸ್ಟ್ರೇಷನ್ ನವೀಕರಣ, ಅದರ ಜೊತೆಗೇ 371(ಜೆ) ಅರ್ಜಿ. ಹೋದ ಸೋಮವಾರ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗದೇ ನೇರ ತಾಲ್ಲೂಕು ಕಚೇರಿಗೆ ಹೋಗಿದ್ದಳಂತೆ. ಶಾಲೆಯಿಂದ ಒಂದು ದೃಢೀಕರಣ ಪತ್ರ ತರಲು ಹೇಳಿದ್ದಾರೆ. ಈ ವಾರ ತರುತ್ತೇನೆ ಅಕ್ಕಾ ಎಂದಿದ್ದಾಳೆ.